ಕಾಲೇಜು ಕ್ರೀಡೆಗೊಂದು ದಕ್ಷಿಣ ವಲಯದ ವಾಹಿನಿ

ನಮ್ಮ ದೇಶದಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳ ಹೊಣೆ ಹೊತ್ತಿರುವುದು 1925ರಲ್ಲಿ ಸ್ಥಾಪನೆಗೊಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಹಲವು ಕ್ರೀಡೆಗಳಲ್ಲಿ ಮೊದಲು ವಲಯ ಮಟ್ಟದ, ಬಳಿಕ ಅಖಿಲ ಭಾರತ ಮಟ್ಟದ ಸ್ಪರ್ಧೆಗಳು ಜರುಗುತ್ತವೆ. 1916ರ ಮೈಸೂರು ವಿಶ್ವವಿದ್ಯಾಲಯವೂ, 1926ರಲ್ಲಿ ವಿಜಯವಾಡದಲ್ಲಿ ಆರಂಭವಾಗಿ 1930ರಲ್ಲಿ ವಿಶಾಖಪಟ್ಟಣಕ್ಕೆ ಬಂದ ಆಂಧ್ರ ವಿಶ್ವವಿದ್ಯಾಲಯವೂ ದಕ್ಷಿಣ ವಲಯಕ್ಕೇ ಸೇರಿವೆ.

ಅಮೆರಿಕದಲ್ಲಿ ಇಂತಹ ವಿಶ್ವವಿದ್ಯಾಲಯ ಕೂಟಗಳಿಗೆ ಸ್ವಂತ ದೂರದರ್ಶನ ವಾಹಿನಿಗಳಿವೆ. ಬಿಗ್ ಟೆನ್ ಕೂಟವು ಫಾಕ್ಸ್ ಸಂಸ್ಥೆಯ ಪಾಲುದಾರಿಕೆಯಲ್ಲಿ 2007ರಲ್ಲಿ ವಾಹಿನಿ ತೆರೆಯಿತು. ಆದಾಯ ಸದಸ್ಯ ವಿಶ್ವವಿದ್ಯಾಲಯಗಳಿಗೆ ಹಂಚಿಕೆಯಾಗುತ್ತದೆ. ಫುಟ್‌ಬಾಲಿನೊಡನೆ ಮಹಿಳಾ ವಾಲಿಬಾಲ್, ಕುಸ್ತಿಗಳಿಗೂ ಪ್ರೇಕ್ಷಕರು ದೊರೆಯುತ್ತಾರೆ. ಆದರೆ 2012ರಲ್ಲಿ ಪಾಲುದಾರರಿಲ್ಲದೆ ಆರಂಭವಾದ ಪ್ಯಾಕ್-12 ವಾಹಿನಿಯು ದೊಡ್ಡ ಉಪಗ್ರಹ ವಿತರಕರಾದ ಡೈರೆಕ್‌ಟಿವಿಯೊಡನೆ ಒಪ್ಪಂದ ಕುದುರದೆ ಸೊರಗಿ, 2024ರಲ್ಲಿ ಮುಚ್ಚಿತು. ಪಂದ್ಯಗಳಿದ್ದರೆ ಸಾಲದು, ಅವು ಮನೆಮನೆಗೆ ತಲುಪಬೇಕು ಎಂಬುದೇ ಇದರ ಪಾಠ.

ನಮ್ಮಲ್ಲಿ 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವು 2022ರಲ್ಲಿ ಬೆಂಗಳೂರಿನಲ್ಲಿ ನಡೆದಾಗ, ಆತಿಥೇಯ ಜೈನ್ ವಿಶ್ವವಿದ್ಯಾಲಯವು 20 ಚಿನ್ನ ಗೆದ್ದು ಅಗ್ರಸ್ಥಾನ ಪಡೆಯಿತು. ಇಂತಹ ಕೂಟಗಳು ಕೆಲವೇ ದಿನಗಳ ಹಬ್ಬ. ಕ್ರೀಡಾಪಟು ಬೆಳೆಯುವುದು ವರ್ಷವಿಡೀ ನಡೆಯುವ ವಲಯ ಪಂದ್ಯಗಳಲ್ಲಿ.

ಆದ್ದರಿಂದ ದಕ್ಷಿಣ ವಲಯದ ವಿಶ್ವವಿದ್ಯಾಲಯಗಳು ಒಗ್ಗೂಡಿ, ಪ್ರಸಾರ ಸಂಸ್ಥೆಯೊಂದರ ಪಾಲುದಾರಿಕೆಯಲ್ಲಿ, ಮೊದಲಿಗೆ ಅಂತರಜಾಲ ವಾಹಿನಿಯನ್ನಾದರೂ ತೆರೆಯುವುದು ಲೇಸೆಂಬುದು ನಮ್ಮ ಅಭಿಪ್ರಾಯ. ಕನ್ನಡ, ತೆಲುಗು ವೀಕ್ಷಕ ವಿವರಣೆಯಿದ್ದರೆ ಇನ್ನೂ ಉತ್ತಮ. ಆಗ ಮಂಗಳೂರಿನಲ್ಲಿ ಕಬಡ್ಡಿ ಆಡುವ ಮಗಳ ಆಟವನ್ನು ಸಿಂಹಾಚಲದ ತಾಯ್ತಂದೆಯರೂ ಕಣ್ತುಂಬ ನೋಡಬಹುದು. ಪ್ರಾಯೋಜಕರು, ಆಯ್ಕೆದಾರರು ಅವಳನ್ನು ಗುರುತಿಸಬಹುದು.