‘ಹತ್ತಿ’ ನಿಂತ ಕ್ರಿಯೆ: ವಿಜಯಪುರ ಸೀಮೆಯ ಕನ್ನಡದಲ್ಲಿ ನಡೆಯುತ್ತಿರುವ ಕೆಲಸದ ರೂಪ

ಕೆಲಸ ಇನ್ನೂ ನಡೆದಿದೆ ಎಂಬುದನ್ನು ಬರಹದ ಕನ್ನಡ ವರ್ತಮಾನ ನ್ಯೂನಕ್ಕೆ ‘ಇರು’ ಸೇರಿಸಿ ಹೇಳುತ್ತದೆ: ಮಾಡುತ್ತಿದ್ದಾನೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ, ಆದಿಲ್‌ಶಾಹಿ ಕಾಲದ ಕೆರೆಯ ದಂಡೆಗೆ ನಿಂತರೆ ಕಿವಿಗೆ ಬೀಳುವುದು ‘ಮಾಡ್ಲಾಕತ್ಯಾನ’. ಇದನ್ನು ಮೊದಲಿನ ರೂಪದ ಒರಟು ಉಚ್ಚಾರವೆಂದು ಬಗೆಯುವುದುಂಟು. ಎರಡರ ಕಟ್ಟಡವೇ ಬೇರೆ ಎಂಬುದು ಈ ಲೇಖನದ ವಾದ. ಎರಡನೆಯದರಲ್ಲಿ ನಡೆಯುತ್ತಿರುವ ಕೆಲಸದ ಹೊರೆ ಹೊತ್ತಿರುವುದು ಮತ್ತೊಂದು ಕ್ರಿಯಾಪದ, ‘ಹತ್ತು’.

‘ಮಾಡಲಿಕ್ಕೆ’ ಎಂಬುದು ಈ ಸೀಮೆಯಲ್ಲಿ ‘ಮಾಡ್ಲಾಕ’, ಧಾರವಾಡದ ಹಳ್ಳಿಗಳಲ್ಲಿ ‘ಮಾಡಾಕ’. ಅದರ ಮುಂದೆ ‘ಹತ್ಯಾನ’ ಬಂದು, ಹಕಾರ ಬಿದ್ದು, ಎರಡೂ ಬೆಸೆದುಕೊಳ್ಳುತ್ತವೆ. ಕಲಬುರಗಿ, ಬೀದರ್ ಕಡೆ ಇನ್ನಷ್ಟು ಸವೆದು ‘ಮಾಡ್ಲತ್ತಾನ’ ಆಗುತ್ತದೆ.

‘ಹತ್ಯಾನ’ ಯಾವ ಕಾಲದ ರೂಪ? ವರ್ತಮಾನವಾಗಿದ್ದರೆ, ‘ಬಸ್ ಹತ್ತತಾನ’ ಎನ್ನುವಂತೆ, ‘ಹತ್ತತಾನ’ ಇರಬೇಕಿತ್ತು. ಅದು ‘ನೋಡ್ಯಾನ’, ‘ಹೇಳ್ಯಾನ’ಗಳ ಸಾಲಿನದು; ಅಂದರೆ ‘ಹತ್ತಿದ್ದಾನೆ’. ಅಡುಗೆಮನೆಯ ಎರಡು ಮಾತು ನೋಡಿ:

(1) ಒಲಿ ಹತ್ತೈತಿ.
(2) ಅವ್ವ ರೊಟ್ಟಿ ಬಡೀಲಾಕತ್ಯಾಳ.

ಒಲೆ ಹತ್ತಿದ್ದು ಮುಗಿದ ಸಂಗತಿ. ಉರಿ ಮಾತ್ರ ಈಗಿನದು. ರೊಟ್ಟಿಯದೂ ಹಾಗೆಯೇ: ಅವ್ವ ಬಡಿಯುವುದಕ್ಕೆ ಹತ್ತಿದ್ದಾಳೆ, ಕೈ ಇನ್ನೂ ಬಿಟ್ಟಿಲ್ಲ. ನಿಷೇಧದಲ್ಲೂ ಇದೇ ಜೋಡಿ: ‘ಒಲಿ ಹತ್ತಿಲ್ಲ’, ‘ರೊಟ್ಟಿ ಬಡೀಲಾಕತ್ತಿಲ್ಲ’. ಮೊದಲಿನ ‘ಆರಂಭ’ದ ಅರ್ಥ ಅಳಿದಿಲ್ಲ. ‘ಮಳಿ ಬರ್ಲಾಕ ಹತ್ತಿತು’ ಎಂದರೆ ಮಳೆ ಶುರುವಾಯಿತು. ‘ಮಳಿ ಬರ್ಲಾಕತ್ತೈತಿ’ ಎಂದರೆ ಸುರಿಯುತ್ತಲೇ ಇದೆ.

ಇದರ ಪರಿಣಾಮ ಕಾಣುವುದು ಭೂತಕಾಲದಲ್ಲಿ:

(3) ಆವಾಗ ಬಾಂವಿ ನೀರ ಕುಡೀತಿದ್ವಿ.
(4) ನೀ ಬಂದಾಗ ನೀರ ಕುಡೀಲಾಕತ್ತಿದ್ವಿ.

(3) ರೂಢಿ, (4) ಆ ಗಳಿಗೆಯ ಕೆಲಸ. ಬರಹದ ಕನ್ನಡದಲ್ಲಿ ಎರಡಕ್ಕೂ ‘ಕುಡಿಯುತ್ತಿದ್ದೆವು’ ಒಂದೇ. ಸಂದರ್ಭ ನೋಡಿ ಬಿಡಿಸಿಕೊಳ್ಳಬೇಕು. ಇಲ್ಲಿ ‘ಹತ್ತು’ ನಡೆಯುವ ಕೆಲಸವನ್ನು ವಹಿಸಿಕೊಂಡಿದ್ದರಿಂದ ‘ತ’ ರೂಪ ರೂಢಿಯ ಪಾಲಿಗೆ ಉಳಿಯಿತು.

ಎಲ್ಲ ಧಾತುಗಳಿಗೂ ‘ಹತ್ತು’ ಬೇಕಾಗುವುದಿಲ್ಲ. ಜಗಲಿಯ ಮೇಲೆ ಕೂತವನು ‘ಕುಂತಾನ’. ‘ಕುಂದ್ರಲಾಕತ್ಯಾನ’ ಎಂದರೆ ಮೊಣಕಾಲು ಮಡಚುತ್ತಿದ್ದಾನೆ. ದಾರಿಯಲ್ಲಿ ಸಿಕ್ಕವರನ್ನು ಕೇಳುವುದು ‘ಎಲ್ಲಿ ಹೊಂಟೀರಿ?’ ಎಂದು, ಹೊರಟದ್ದು ಮುಗಿದಿದೆ, ಹೋಗುವುದು ನಡೆದಿದೆ. ಮುಗಿದ ಆರಂಭದಿಂದ ಈಗಿನ ಸ್ಥಿತಿಯನ್ನು ಹೇಳುವುದು ಈ ಆಡುಮಾತಿನ ಒಟ್ಟು ಜಾಯಮಾನ.

ನೆರೆಯ ಮರಾಠಿಯನ್ನೂ ಇಲ್ಲಿ ಗಮನಿಸಬೇಕು. ಕನ್ನಡದಲ್ಲಿ ‘ಹತ್ತು’ವಿಗೆ ‘ಹಚ್ಚು’ ಪ್ರೇರಣಾರ್ಥಕ: ದೀಪ ಹಚ್ಚು, ಹುಡುಗನ್ನ ಓದ್ಲಾಕ ಹಚ್ಚು. ಮರಾಠಿಯ ‘ಲಾಗಣೆ’, ‘ಲಾವಣೆ’ ಅಂಥದೇ ಜೋಡಿ. ಬೆಂಕಿಗೂ ಸಲ್ಲುತ್ತದೆ, ಕೆಲಸಕ್ಕೂ ಸಲ್ಲುತ್ತದೆ. ಶಿಷ್ಟ ಮರಾಠಿ ನಡೆಯುವ ಕೆಲಸಕ್ಕೆ ‘ಕರತ ಆಹೆ’ ಎಂದರೆ, ಕೊಲ್ಹಾಪುರ, ಸೊಲ್ಲಾಪುರದ ಆಡುಮಾತಿನಲ್ಲಿ ‘ಕರಾಯಲಾಯ’ದಂಥ ರೂಪಗಳಿವೆ. ಗಡಿಯ ಮರಾಠಿ ಪುಣೆಯ ಶಿಷ್ಟರೂಪ ಬಿಟ್ಟು ವಿಜಯಪುರದತ್ತ ವಾಲಿರುವುದನ್ನು ನೋಡಿದರೆ, ಇದನ್ನು ಬರಿಯ ಮರಾಠಿ ಸಾಲವೆನ್ನಲಾಗದು. ಇದು ಎರಡೂ ಕಡೆಯ ಕೊಡುಕೊಳೆ.

ಹದಿಮೂರನೆಯ ಶತಮಾನದ ಕೇಶಿರಾಜ ವರ್ತಮಾನಕ್ಕೆ ಹೇಳಿದ ‘ದಪ’ ಪ್ರತ್ಯಯ ಇಂದು ಬಳಕೆಯಲ್ಲಿಲ್ಲ. ಅದರ ಜಾಗಕ್ಕೆ ‘ಉತ್ತ’ ಬಂತು. ಮಮದಾಪುರದ ಕನ್ನಡದಲ್ಲಿ ‘ಉತ್ತ’ವೂ ಅರ್ಧ ಜಾಗ ತೆರವು ಮಾಡಿದೆ. ‘ಮಾಡ್ಲಾಕತ್ಯಾನ’ವನ್ನು ಅಶುದ್ಧವೆಂದು ತಿದ್ದುವ ಕೆಂಪು ಶಾಯಿ, (3) ಮತ್ತು (4)ರ ನಡುವಿನ ಗೆರೆಯನ್ನೂ ಅಳಿಸುತ್ತದೆ.