ಇಪ್ಪತ್ತಮೂರನ್ನು 203 ಎಂದು ಬರೆಯುವ ಮಗು ದಡ್ಡವೇ?

ಅಲ್ಲ. ನಾವು ‘ಇಪ್ಪತ್ತ ಮೂರು’ ಎನ್ನುತ್ತೇವೆ. ಮಗು ಕೇಳಿದಂತೆಯೇ 20 ಬರೆದು ಪಕ್ಕದಲ್ಲಿ 3 ಇಡುತ್ತದೆ. ಉಡುಪಿಯ ಕೊಂಕಣಿ ಮನೆಮಾತಿನ ಮಕ್ಕಳಿಗೆ ಇನ್ನೊಂದು ತೊಡಕು: ‘ತೇವೀಸ’ದಲ್ಲಿ ಮೂರೇ ಮೊದಲು ಕೇಳಿಸುತ್ತದೆ. ಹಾಗಾಗಿ 32 ಎಂದೂ ಬರೆಯಬಹುದು.

ಬೈದು ನೂರು ಸಲ ಬರೆಸಿದರೆ ಸ್ಥಾನಬೆಲೆ ಅರ್ಥವಾಗದು. ಕಟ್ಟು ಕಟ್ಟಿಸಿ. ಕಾಪು ತಾಲ್ಲೂಕಿನ ಶಂಕರಪುರ ಮಲ್ಲಿಗೆಯಲ್ಲಿ 4 ಚೆಂಡು ಸೇರಿದರೆ 1 ಅಟ್ಟೆ. ಹಾಗೆಯೇ ಅಂಕಿಗಳಲ್ಲಿ 10 ಬಿಡಿ ಸೇರಿದರೆ 1 ಹತ್ತು.

ಹಿಡಿಸೂಡಿಯ 23 ಕಡ್ಡಿ ಕೊಡಿ. ಹತ್ತರಂತೆ 2 ಕಟ್ಟು, 3 ಬಿಡಿ. ಕಟ್ಟು ಎಡಕ್ಕೆ, ಬಿಡಿ ಬಲಕ್ಕೆ: 23. ಈಗ ಬಿಡಿ ಮೂರನ್ನು ತೆಗೆಯಿರಿ. ಖಾಲಿಯಾದ ಜಾಗಕ್ಕೆ ಸೊನ್ನೆ: 20. ಸೊನ್ನೆ ಏಕೆ ಬೇಕೆಂದು ಮಗುವಿಗೆ ಕಣ್ಣಿಗೇ ಕಾಣುತ್ತದೆ.

ಮಗುವಿಗೆ ‘ದಡ್ಡ’ ಎನ್ನುವ ಮೊದಲು ಕಡ್ಡಿ ಕೊಟ್ಟು ನೋಡಿ.