ಹೂಡಿಕೆ ವಾಸಾನುಮತಿ (ಯುರೋಪು)

ಹಣ ಹೂಡಿದ ವಿದೇಶಿಯರಿಗೆ ದೇಶವೊಂದು ಕೊಡುವ ವಾಸದ ಪರವಾನಗಿ. ರೂಢಿಯ ಹೆಸರು ಗೋಲ್ಡನ್ ವೀಸಾ. ಇದು ಪೌರತ್ವವಲ್ಲ. ಆರ್ಥಿಕ ಕುಸಿತದಿಂದ ಬಸವಳಿದಿದ್ದ ಪೋರ್ಚುಗಲ್ 2012ರಲ್ಲಿ, ಗ್ರೀಸ್ ಮತ್ತು ಸ್ಪೇನ್ 2013ರಲ್ಲಿ ಇದನ್ನು ತಂದವು. ಮನೆಗಳ ಬೆಲೆ ಸ್ಥಳೀಯರ ಕೈಮೀರಿದಾಗ ವಿರೋಧ ಎದ್ದಿತು. ಪೋರ್ಚುಗಲ್ 2023ರಲ್ಲಿ ಮನೆ ಖರೀದಿಯ ದಾರಿ ಮುಚ್ಚಿತು. 5 ಲಕ್ಷ ಯೂರೊ ನಿಧಿ ಹೂಡಿಕೆಯಂಥ ದಾರಿಗಳು ಉಳಿದವು. ಗ್ರೀಸ್ 2024ರಲ್ಲಿ ಅಥೆನ್ಸ್ ಮುಂತಾದೆಡೆ ಮನೆ ಖರೀದಿಯ ಕನಿಷ್ಠ ಮೊತ್ತವನ್ನು 8 ಲಕ್ಷ ಯೂರೊಗೆ ಏರಿಸಿತು. ಸ್ಪೇನ್ 2025ರ ಏಪ್ರಿಲ್‌ನಲ್ಲಿ ಯೋಜನೆಯನ್ನೇ ನಿಲ್ಲಿಸಿತು.

ಎರಡು ದೇಶಗಳ ಪರವಾನಗಿ ಇಟ್ಟುಕೊಳ್ಳುವುದರಲ್ಲಿ ಲಾಭಕ್ಕಿಂತ ಖರ್ಚೇ ಹೆಚ್ಚು. ಷೆಂಗೆನ್ (ಪರಸ್ಪರ ಗಡಿ ತಪಾಸಣೆ ಕೈಬಿಟ್ಟ ಐರೋಪ್ಯ ದೇಶಗಳ ವಲಯ) ದೇಶವೊಂದರ ಪರವಾನಗಿಯಿದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ ಪ್ರತಿ 180 ದಿನಗಳಲ್ಲಿ 90 ದಿನ ಇರಬಹುದು. ಐರೋಪ್ಯ ಒಕ್ಕೂಟದ ದೀರ್ಘಾವಧಿ ನಿವಾಸಿ ಸ್ಥಾನಕ್ಕೆ ಒಂದೇ ದೇಶದಲ್ಲಿ ಐದು ವರ್ಷ ನಿರಂತರವಾಗಿ ನೆಲೆಸಿರಬೇಕು. ಇನ್ನೊಂದು ದೇಶದಲ್ಲಿ ಅದೇ ಸ್ಥಾನ ದೊರೆತರೆ ಮೊದಲಿನದು ಹೋಗುತ್ತದೆ. ಪರವಾನಗಿ ಬೇರೆ, ನಿಜವಾದ ವಾಸ ಬೇರೆ.

ಭಾರತೀಯರಿಗೆ ವಾಸಾನುಮತಿಯಿಂದ ಪೌರತ್ವಕ್ಕೆ ಧಕ್ಕೆಯಿಲ್ಲ. ವಿದೇಶಿ ಪೌರತ್ವ ಸ್ವೀಕರಿಸಿದರೆ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತದ ಪೌರತ್ವ ರದ್ದಾಗುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಹೊರಗೆ ಕಳಿಸಬಹುದಾದದ್ದು ಒಬ್ಬರಿಗೆ ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್. ಹಾಗಾಗಿ 5 ಲಕ್ಷ ಯೂರೊ ಒಬ್ಬರಿಂದ ಒಂದೇ ವರ್ಷದಲ್ಲಿ ಹೋಗದು.